9876543210: ದೊಡ್ಡ ಸಂಖ್ಯೆಯೊಂದನ್ನು ಪೂರ್ತಿ ಬಿಡಿಸುವ ಕ್ರಮ

ಮಂಡ್ಯದಲ್ಲಿ ಸಂಜೆ ಹೊತ್ತು ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಪ್ರತಿ ವರ್ಷ ದಸರಾ ರಜೆಗೆ ಒಂದೇ ಕೆಲಸ ಕೊಡುವುದು ರೂಢಿ. ಹತ್ತು ಅಂಕಿಯ ಒಂದು ಸಂಖ್ಯೆ ಬರೆದುಕೊಟ್ಟು, ಅದರ ಬಗ್ಗೆ ಹೇಳಬಹುದಾದ್ದನ್ನೆಲ್ಲ ಹೇಳಿಕೊಂಡು ಬನ್ನಿ ಎನ್ನುತ್ತೇನೆ. ಅದು ಅವಿಭಾಜ್ಯವೇ, ಅಲ್ಲವಾದರೆ ಯಾವುದರಿಂದ ಒಡೆಯುತ್ತದೆ, ಎಷ್ಟು ಅಪವರ್ತನಗಳಿವೆ, ಅವುಗಳ ಮೊತ್ತವೆಷ್ಟು, ಯಾವ ಗುಂಪಿಗೆ ಸೇರುತ್ತದೆ ಎಂದು. ರಜೆ ಮುಗಿಸಿ ಬಂದವರ ನೋಟ್‌ಬುಕ್ಕುಗಳಲ್ಲಿ ಬಹುಪಾಲು ತಪ್ಪಿರುತ್ತವೆ. ತಪ್ಪುವ ಜಾಗವೂ ಹೆಚ್ಚುಕಮ್ಮಿ ಒಂದೇ. ಸೂತ್ರ ಮರೆತು ತಪ್ಪುವವರು ಕಡಿಮೆ. ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ನಿಲ್ಲಬೇಕು ಎಂಬ ಕ್ರಮದಲ್ಲೇ ಎಡವುತ್ತಾರೆ.

ಆ ಕ್ರಮವನ್ನು ಒಂದೇ ಸಂಖ್ಯೆ ಇಟ್ಟುಕೊಂಡು ಇಲ್ಲಿ ಪೂರ್ತಿ ಮಾಡಿ ತೋರಿಸುತ್ತೇನೆ. ಆರಿಸಿಕೊಂಡಿರುವುದು 9876543210. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತೂ ಅಂಕಿಗಳನ್ನು ಒಂದೊಂದೇ ಸಲ ಬಳಸಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಇದು. ಬರೀ ಓದಿದರೆ ಪ್ರಯೋಜನವಿಲ್ಲ, ಪೆನ್ನು ಹಿಡಿದು ಜೊತೆಯಲ್ಲೇ ಮಾಡಿ.

## ಬೇಕಾದ ಸಾಮಾನು

ಗೆರೆ ಹಾಕಿದ ನೋಟ್‌ಬುಕ್ಕು, ಪೆನ್ನು, ದಿನಸಿ ಅಂಗಡಿಯವರು ಇಟ್ಟುಕೊಳ್ಳುವಂಥ 12 ಅಂಕಿಯ ಕ್ಯಾಲ್ಕುಲೇಟರು. ಎಂಟು ಅಂಕಿಯ ಚಿಕ್ಕ ಕ್ಯಾಲ್ಕುಲೇಟರಿನಲ್ಲಿ ನಮ್ಮ ಸಂಖ್ಯೆ ಹಿಡಿಸುವುದೇ ಇಲ್ಲ. ಇವುಗಳ ಜೊತೆಗೆ 1000ದವರೆಗಿನ ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಬೇಕು. ಅಂಥವು ಒಟ್ಟು 168 ಇವೆ. ಪಟ್ಟಿಯನ್ನು ಒಂದು ಹಾಳೆಯಲ್ಲಿ ನೀವೇ ಬರೆದುಕೊಂಡು, ಎಣಿಸಿ, 168 ಬಂತೇ ಎಂದು ನೋಡಿಕೊಳ್ಳಿ. ಎಣಿಕೆ ಕಡಿಮೆ ಬಂದರೆ ಯಾವುದೋ ಬಿಟ್ಟುಹೋಗಿದೆ. ಹೆಚ್ಚು ಬಂದರೆ 91, 119, 133, 221, 247, 323, 391, 493ರಂಥ ಸೋಗಿನ ಸಂಖ್ಯೆಗಳು ಒಳಗೆ ಸೇರಿವೆ. ಎರಡೂ ತಪ್ಪೇ ಆದರೂ ಸಮನಾದ ತಪ್ಪುಗಳಲ್ಲ. 91ರಿಂದ ಭಾಗಿಸಿ ನೋಡಿದರೆ ಒಂದು ನಿಮಿಷ ದಂಡ, ಅಷ್ಟೆ. 97 ಬಿಟ್ಟುಹೋದರೆ ಇಡೀ ಲೆಕ್ಕ ಕೆಡಬಹುದು.

ಕಂಪ್ಯೂಟರು ಇದ್ದರೂ ಈಗಲೇ ತೆರೆಯಬೇಡಿ. ಅದರ ಸರದಿ ಕೊನೆಯಲ್ಲಿದೆ.

## ಹಂತ 1: ಸಂಖ್ಯೆಯನ್ನು ಸರಿಯಾಗಿ ಇಳಿಸಿಕೊಳ್ಳಿ

ನಗಬೇಡಿ, ಎಷ್ಟೋ ಲೆಕ್ಕಗಳು ಇಲ್ಲೇ ಕೆಡುತ್ತವೆ. ನಮ್ಮ ಸಂಖ್ಯೆಯನ್ನು ಬಾಯಲ್ಲಿ ಓದಿ: 987 ಕೋಟಿ 65 ಲಕ್ಷ 43 ಸಾವಿರದ 210. ಆಮೇಲೆ ಎರಡು ಗುರುತು ಮಾಡಿಟ್ಟುಕೊಳ್ಳಿ.

ಒಂದನೆಯದು ಅಂಕಿಗಳ ಮೊತ್ತ: 9+8+7+6+5+4+3+2+1+0 = 45.

ಎರಡನೆಯದು 11ರಿಂದ ಭಾಗಿಸಿದರೆ ಉಳಿಯುವ ಶೇಷ. ಬಲತುದಿಯಿಂದ ಶುರುಮಾಡಿ ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತ ಬನ್ನಿ: 0−1+2−3+4−5+6−7+8−9 = −5. ಇದಕ್ಕೆ 11 ಕೂಡಿದರೆ 6. ಪುಟದ ಮೇಲ್ತುದಿಯಲ್ಲಿ ‘ಗುರುತು 6’ ಎಂದು ಬರೆದು ಸುತ್ತು ಹಾಕಿ.

ಎರಡು ಗುರುತು ಯಾಕೆ? ಅವಸರದಲ್ಲಿ 9876534210 ಎಂದು ಬರೆದುಬಿಟ್ಟಿರಿ ಎನ್ನಿ. ಅಂಕಿಗಳ ಮೊತ್ತ ಆಗಲೂ 45. ಅದರಿಂದ ತಪ್ಪು ಗೊತ್ತೇ ಆಗುವುದಿಲ್ಲ. 11ರ ಶೇಷ ಮಾತ್ರ 6 ಬದಲು 4 ಬರುತ್ತದೆ. ಪಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೆ 11ರ ಶೇಷ ಬದಲಾಗಿಯೇ ಆಗುತ್ತದೆ.

## ಹಂತ 2: 2, 3, 5 – ಎಷ್ಟು ಸಲ ಎನ್ನುವುದೂ ಮುಖ್ಯ

‘2ರಿಂದ ಹೋಗುತ್ತದೆ’ ಎಂದಷ್ಟೇ ಬರೆದರೆ ಅರ್ಧ ಉತ್ತರ. ಎಷ್ಟು ಸಲ ಹೋಗುತ್ತದೆ ಎಂಬುದನ್ನೂ ಬರೆಯಬೇಕು.

ಕೊನೆಯ ಎರಡು ಅಂಕಿ 10. ಹಾಗಾಗಿ 2ರಿಂದ ಹೋಗುತ್ತದೆ, 4ರಿಂದ ಹೋಗುವುದಿಲ್ಲ. 5ರಿಂದ ಹೋಗುತ್ತದೆ, 25ರಿಂದ ಹೋಗುವುದಿಲ್ಲ. ಅಲ್ಲಿಗೆ 2 ಒಂದು ಸಲ, 5 ಒಂದು ಸಲ. ಎರಡನ್ನೂ ತೆಗೆದರೆ ಉಳಿಯುವುದು 987654321.

ಇದರ ಅಂಕಿಗಳ ಮೊತ್ತವೂ 45, ಆದ್ದರಿಂದ 9ರಿಂದ ಹೋಗುತ್ತದೆ. 987654321 ÷ 9 = 109739369. ಈಗ ಹೊಸ ಸಂಖ್ಯೆಯ ಅಂಕಿಗಳನ್ನು ಕೂಡಿ: 1+0+9+7+3+9+3+6+9 = 47. ಇದು 3ರಿಂದ ಹೋಗುವುದಿಲ್ಲ. ಅಂದರೆ 3 ಸರಿಯಾಗಿ ಎರಡು ಸಲ.

ಇಲ್ಲೊಂದು ಎಚ್ಚರಿಕೆ. ಅಂಕಿಗಳ ಮೊತ್ತದ ನಿಯಮ 3ಕ್ಕೆ ಮತ್ತು 9ಕ್ಕೆ ಮಾತ್ರ. ಅದನ್ನು 27ಕ್ಕೂ ಎಳೆಯುವ ಮಕ್ಕಳಿದ್ದಾರೆ. 27ರ ಅಂಕಿಗಳ ಮೊತ್ತ ಬರೀ 9, ಆದರೂ ಅದು 27ರಿಂದ ಭಾಗವಾಗುತ್ತದೆ. ಮೂರನೆಯ 3 ಇದೆಯೇ ಎಂದು ನೋಡಲು ಒಮ್ಮೆ 9ರಿಂದ ಭಾಗಿಸಿ, ಬಂದ ಭಾಗಲಬ್ಧದ ಅಂಕಿಗಳನ್ನು ಕೂಡಬೇಕು. ಅಡ್ಡದಾರಿ ಇಲ್ಲ.

## ಹಂತ 3: 7, 11, 13 – ಮೂರಕ್ಕೂ ಒಂದೇ ಏಟು

7 × 11 × 13 = 1001. ಇದನ್ನು ಬಳಸಿಕೊಂಡರೆ ಮೂರು ಭಾಗಾಕಾರ ಉಳಿಯುತ್ತದೆ. 109739369ನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ತುಂಡು ಮಾಡಿ: 109, 739, 369. ಬಲದಿಂದ ಕೂಡಿ, ಕಳೆದು, ಕೂಡಿ: 369 − 739 + 109 = −261. ಚಿಹ್ನೆ ಬಿಟ್ಟು 261ನ್ನು ನೋಡಿ. 7ರಿಂದ ಭಾಗಿಸಿದರೆ 2 ಉಳಿಯುತ್ತದೆ, 11ರಿಂದ 8, 13ರಿಂದ 1. ಮೂರರಿಂದಲೂ ಹೋಗುವುದಿಲ್ಲ.

ನಮ್ಮವರು ಇಲ್ಲಿ ಮಾಡುವ ತಪ್ಪು ಅಲ್ಪವಿರಾಮದ್ದು. ನಾವು ಕೋಟಿ, ಲಕ್ಷ, ಸಾವಿರ ಎಂದು ಬರೆಯುವಾಗ 10,97,39,369 ಎಂದು ವಿರಾಮ ಹಾಕುತ್ತೇವೆ. ಆ ತುಂಡುಗಳನ್ನೇ ತೆಗೆದುಕೊಂಡು ಕೂಡಿ ಕಳೆದರೆ ಬರುವ ಉತ್ತರಕ್ಕೆ ಅರ್ಥವೇ ಇಲ್ಲ. ಈ ಹಂತದಲ್ಲಿ ಲಕ್ಷ, ಕೋಟಿ ಮರೆತು ಮೂರು ಮೂರು ಅಂಕಿಗೇ ಗೆರೆ ಎಳೆಯಿರಿ.

## ಹಂತ 4: 17 – ಎಲ್ಲರೂ ಎಡವುವ ಕಲ್ಲು

109739369 ÷ 17 = 6455257. ಶೇಷವಿಲ್ಲ, 17 ಸಿಕ್ಕಿತು. ಈಗ ಏನು ಮಾಡುತ್ತೀರಿ?

ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಹೋದ ಸಲ 6455257ರ ಕೆಳಗೆ ಎರಡು ಗೆರೆ ಎಳೆದು ‘ಅವಿಭಾಜ್ಯ’ ಎಂದು ಬರೆದು ತಂದಿದ್ದಳು. 19, 23, 29 ಎಂದು ಮುಂದುವರಿದು 200ರವರೆಗೆ ಭಾಗಿಸಿದ್ದಳು. ಪುಟದ ಅಂಚಿನಲ್ಲಿ ಒಂದೊಂದು ಅವಿಭಾಜ್ಯಕ್ಕೂ ಅಡ್ಡಗೀಟು ಹಾಕಿದ್ದಳು. ಎಷ್ಟು ಶ್ರದ್ಧೆ ಅಂದರೆ ನನಗೇ ಬೇಜಾರಾಯಿತು.

“ಇನ್ನು ಒಡೆಯಾಕಿಲ್ಲ ಸಾರ್” ಅಂದಳು.

“ಹದಿನೇಳ್ರಿಂದ ಇನ್ನೊಂದ್ ಸಲ ನೋಡು ಕಣವ್ವ” ಅಂದೆ.

ಕ್ಯಾಲ್ಕುಲೇಟರು ಒತ್ತಿದಳು. 379721. ಚುಕ್ಕಿಯ ಆಚೆ ಏನೂ ಇಲ್ಲ. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು, ಎರಡು ಪುಟ ತಿರುವಿ ಹಾಕಿ ಮೊದಲಿಂದ ಬರೆಯತೊಡಗಿದಳು.

ಒಂದು ಅವಿಭಾಜ್ಯ ಸಿಕ್ಕಿದ ಕೂಡಲೇ ಮುಂದಿನದಕ್ಕೆ ಹಾರಬಾರದು. ಅದೇ ಅವಿಭಾಜ್ಯದಿಂದ ಮತ್ತೆ ಭಾಗಿಸಿ, ಶೇಷ ಉಳಿಯುವವರೆಗೂ ಭಾಗಿಸಿ. 6455257 ÷ 17 = 379721. ಇನ್ನೊಮ್ಮೆ 17ರಿಂದ ನೋಡಿದರೆ 9 ಉಳಿಯುತ್ತದೆ. ಈಗ ಮಾತ್ರ 17ನ್ನು ಬಿಟ್ಟು ಮುಂದೆ ಹೋಗಬಹುದು.

ಆಲೆಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹದ ಬರುವ ಮೊದಲೇ ಕೊಪ್ಪರಿಗೆ ಇಳಿಸಿದರೆ ಪಾಕ ನೋಡುವುದಕ್ಕೆ ಬೆಲ್ಲದ ಹಾಗೇ ಇರುತ್ತದೆ, ಅಚ್ಚಿಗೆ ಹಾಕಿದಾಗ ಗಟ್ಟಿಯಾಗುವುದಿಲ್ಲ. ಹಾಗೆಯೇ ಆ ಹುಡುಗಿಯ ತಪ್ಪು ಕೂಡ ಅಲ್ಲೇ ಕಾಣಿಸಲಿಲ್ಲ. 17 × 6455257 ಎಂದು ಮರಳಿ ಗುಣಿಸಿದರೆ ಸರಿಯಾಗಿಯೇ ಬರುತ್ತದಲ್ಲ! ಅದು ಬಯಲಾಗುವುದು ಹಂತ 7ರಲ್ಲಿ, ಅಲ್ಲೂ ಹುಡುಕಿ ನೋಡಿದವರಿಗೆ ಮಾತ್ರ.

## ಹಂತ 5: ಎಲ್ಲಿ ನಿಲ್ಲಬೇಕು

ಉಳಿದಿರುವುದು 379721. ಇದು ಅವಿಭಾಜ್ಯವೇ? ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅದಕ್ಕಿಂತ ದೊಡ್ಡ ಅಪವರ್ತನ ಇದ್ದರೆ ಅದರ ಜೋಡಿ ವರ್ಗಮೂಲಕ್ಕಿಂತ ಚಿಕ್ಕದಾಗಿರಲೇಬೇಕು, ಆ ಚಿಕ್ಕದು ಮೊದಲೇ ಸಿಕ್ಕಿರುತ್ತಿತ್ತು.

ಆದರೆ ಯಾವ ಸಂಖ್ಯೆಯ ವರ್ಗಮೂಲ? ಇಲ್ಲಿ ತುಂಬ ಜನ ಮೂಲ ಸಂಖ್ಯೆಗೇ ಅಂಟಿಕೊಳ್ಳುತ್ತಾರೆ. 9876543210ರ ವರ್ಗಮೂಲ 99380ರ ಆಸುಪಾಸು. ಅಷ್ಟು ದೂರ ಕೈಯಲ್ಲಿ ಯಾರು ಹೋಗುತ್ತಾರೆ? ಅರ್ಧಕ್ಕೇ ಕೈಚೆಲ್ಲುತ್ತಾರೆ. ನೋಡಬೇಕಾದ್ದು ಈಗ ಕೈಯಲ್ಲಿ ಉಳಿದಿರುವ ತುಂಡಿನ ವರ್ಗಮೂಲವನ್ನು. ಒಂದೊಂದು ಸಲ ಭಾಗಿಸಿದಾಗಲೂ ಗಡಿ ಹತ್ತಿರ ಬರುತ್ತದೆ. 109739369 ಕೈಯಲ್ಲಿದ್ದಾಗ ಗಡಿ 10475. ಒಂದು 17 ತೆಗೆದ ಮೇಲೆ 2540. ಎರಡನೆಯ 17 ತೆಗೆದ ಮೇಲೆ 616. ಹುಡುಗಿ 200ಕ್ಕೆ ನಿಲ್ಲಿಸಿದ್ದು ಆ ಲೆಕ್ಕದಲ್ಲೂ ತಪ್ಪೇ. ಅವಳು 6455257 ಎಂದುಕೊಂಡಿದ್ದರಿಂದ 2540ರವರೆಗೆ ಹೋಗಬೇಕಿತ್ತು.

616 × 616 = 379456, 617 × 617 = 380689. ಆದ್ದರಿಂದ 616ರವರೆಗೆ ಹೋದರೆ ಸಾಕು. ಅದರೊಳಗಿನ ಕೊನೆಯ ಅವಿಭಾಜ್ಯ 613. 2ರಿಂದ 613ರವರೆಗೆ 112 ಅವಿಭಾಜ್ಯಗಳಿವೆ. ಏಳನ್ನು (2, 3, 5, 7, 11, 13, 17) ಆಗಲೇ ನೋಡಿಯಾಗಿದೆ. ಉಳಿದದ್ದು 105 ಭಾಗಾಕಾರ.

ಇದನ್ನು ಸಲೀಸಾಗಿ ಮಾಡುವ ಬಗೆ ಹೀಗೆ. 379721 ಎಂದು ಒತ್ತಿ, ಎಂ-ಪ್ಲಸ್ ಗುಂಡಿ ಒತ್ತಿ ನೆನಪಿಗೆ ಹಾಕಿಕೊಳ್ಳಿ. ಆಮೇಲೆ ಪ್ರತಿ ಸಲ ಎಂ-ಆರ್, ಭಾಗಾಕಾರ, ಅವಿಭಾಜ್ಯ, ಸಮ. ಚುಕ್ಕಿಯ ಆಚೆ ಅಂಕಿ ಬಂದರೆ ಹೋಗಲಿಲ್ಲ ಎಂದರ್ಥ, ಪಟ್ಟಿಯಲ್ಲಿ ಆ ಸಂಖ್ಯೆಗೆ ಗೀಟು ಹಾಕಿ. ಬಾಯಲ್ಲಿ ಹೇಳಿಕೊಂಡು ಒತ್ತಬೇಡಿ, ಪಟ್ಟಿಯ ಮೇಲೆ ಎಡಗೈ ಬೆರಳು ಇಟ್ಟುಕೊಂಡು ಒತ್ತಿ. ಇಬ್ಬರು ಕೂತರೆ ಇನ್ನೂ ಒಳ್ಳೆಯದು: ಒಬ್ಬರು ಓದುವುದು, ಒಬ್ಬರು ಒತ್ತುವುದು.

ದಾರಿಯಲ್ಲಿ ಆಸೆ ಹುಟ್ಟಿಸುವ ಜಾಗಗಳೂ ಇವೆ. 379ನ್ನು 1001ರಿಂದ ಗುಣಿಸಿದರೆ 379379, ನಮ್ಮ ಸಂಖ್ಯೆಗೆ ಹತ್ತಿರ, ಆದರೂ 342 ಉಳಿಯುತ್ತದೆ. 31ಕ್ಕೆ ಬರೀ 2 ಉಳಿಯುತ್ತದೆ, 571ಕ್ಕೆ 6. ಕೊನೆಯ 613ಕ್ಕೆ 274. ಯಾವುದರಿಂದಲೂ ಹೋಗುವುದಿಲ್ಲ. ಹಾಗಾಗಿ 379721 ಅವಿಭಾಜ್ಯ. ಇದನ್ನು ಬರೆಯುವ ಹಕ್ಕು 105ನೆಯ ಗೀಟು ಹಾಕಿದ ಮೇಲೆಯೇ ಬರುವುದು.

## ಹಂತ 6: ಮರಳಿ ಗುಣಿಸಿ

9876543210 = 2 × 3² × 5 × 17² × 379721

ಇದನ್ನು ಬಿಡಿಬಿಡಿಯಾಗಿ ಗುಣಿಸಿ ಮೂಲಕ್ಕೆ ಬರುತ್ತದೆಯೇ ನೋಡಿ. ಜೊತೆಗೆ ಹಂತ 1ರ ಗುರುತನ್ನೂ ಬಳಸಿ. 2 × 9 × 5 = 90, ಇದರ 11ರ ಶೇಷ 2. 289ರ ಶೇಷ 3. 379721ರ ಶೇಷ 1. ಮೂರನ್ನೂ ಗುಣಿಸಿದರೆ 6. ಮೇಲೆ ಸುತ್ತು ಹಾಕಿಟ್ಟದ್ದೂ 6. ಹೊಂದಿಕೊಂಡಿತು.

ಇಲ್ಲಿ 9ರ ಪರೀಕ್ಷೆಯನ್ನು ನಂಬಬೇಡಿ. ಗುಣಾಕಾರದಲ್ಲಿ ಒಂದು 9 ಕೂತಿದ್ದರೆ ಉಳಿದದ್ದು ಎಷ್ಟೇ ತಪ್ಪಿದ್ದರೂ ಶೇಷ ಸೊನ್ನೆಯೇ ಬರುತ್ತದೆ.

ಅಪವರ್ತನ ಮುಗಿಸಿ, ಪರೀಕ್ಷಿಸಿ, ಸುತ್ತ ಚೌಕ ಹಾಕುವವರೆಗೆ ಮುಂದಿನ ಯಾವ ಪ್ರಶ್ನೆಯನ್ನೂ ಮುಟ್ಟಬೇಡಿ. ಮುಂದಿನ ನಾಲ್ಕು ಹಂತಗಳೂ ಈ ಒಂದು ಸಾಲಿನ ಮೇಲೆಯೇ ನಿಂತಿವೆ. ನಾನು ಕೂಗಿ ಕೂಗಿ ಹೇಳುವ ಮಾತು ಇದೊಂದೇ.

## ಹಂತ 7: ಅಪವರ್ತನಗಳ ಎಣಿಕೆ ಮತ್ತು ಮೊತ್ತ

ಎಣಿಕೆಗೆ ಪ್ರತಿ ಘಾತಸೂಚಿಗೆ ಒಂದು ಕೂಡಿಸಿ ಗುಣಿಸಬೇಕು. ಘಾತಸೂಚಿಗಳು 1, 2, 1, 2, 1. ಆದ್ದರಿಂದ 2 × 3 × 2 × 3 × 2 = 72. 1 ಮತ್ತು ಸಂಖ್ಯೆಯೂ ಸೇರಿ 72 ಅಪವರ್ತನಗಳು. ಬೆಸ ಎಣಿಕೆ ಬಂದರೆ ಅನುಮಾನಿಸಿ. ಪೂರ್ಣ ವರ್ಗ ಸಂಖ್ಯೆಗಳಿಗೆ ಮಾತ್ರ ಬೆಸ ಎಣಿಕೆ ಬರುವುದು. ನಮ್ಮದರ ಕೊನೆಯಲ್ಲಿ ಒಂದೇ ಸೊನ್ನೆ ಇದೆ, ಅದು ಪೂರ್ಣ ವರ್ಗವಾಗಲು ಸಾಧ್ಯವೇ ಇಲ್ಲ.

ಮೊತ್ತಕ್ಕೆ ಪ್ರತಿ ಅವಿಭಾಜ್ಯಕ್ಕೂ ಒಂದೊಂದು ಆವರಣ:

(1+2) × (1+3+9) × (1+5) × (1+17+289) × (1+379721)
= 3 × 13 × 6 × 307 × 379722
= 27278469036

ಓದಿದರೆ 2727 ಕೋಟಿ 84 ಲಕ್ಷ 69 ಸಾವಿರದ 36. ಮೊದಲ ನಾಲ್ಕನ್ನು ಗುಣಿಸಿ 71838 ಮಾಡಿಕೊಂಡು ಕೊನೆಯದರಿಂದ ಗುಣಿಸಿದರೆ 12 ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಆರಾಮಾಗಿ ಹಿಡಿಸುತ್ತದೆ.

ಈಗ ಆ ಹುಡುಗಿಯ ಉತ್ತರಕ್ಕೆ ಬನ್ನಿ. 6455257 ಅವಿಭಾಜ್ಯ ಎಂದು ಹಿಡಿದರೆ ಎಣಿಕೆ 2 × 3 × 2 × 2 × 2 = 48. ಮೊತ್ತ 3 × 13 × 6 × 18 × 6455258 = 27189546696. ಸರಿಯುತ್ತರದ ಪಕ್ಕ ಇಟ್ಟು ನೋಡಿ. ಎರಡೂ 2700 ಕೋಟಿಯ ಮೇಲೆ, ಎರಡಕ್ಕೂ 11 ಅಂಕಿ, ವ್ಯತ್ಯಾಸ ನೂರಕ್ಕೆ ಅರ್ಧದಷ್ಟೂ ಇಲ್ಲ. ಮೊತ್ತ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಎಣಿಕೆಯಲ್ಲಿ ಮಾತ್ರ 24 ಅಪವರ್ತನಗಳೇ ನಾಪತ್ತೆ! ಅದಕ್ಕೇ ಮೊತ್ತದ ಜೊತೆ ಎಣಿಕೆಯನ್ನೂ ಬರೆಯಿರಿ ಎನ್ನುವುದು. 289 ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ, ಅವಳ 48ರ ಪಟ್ಟಿಯಲ್ಲಿ 289 ಇಲ್ಲ. ಅಷ್ಟು ನೋಡಿದ್ದರೆ ಸಿಕ್ಕಿಬೀಳುತ್ತಿತ್ತು.

## ಹಂತ 8: ಯಾವ ಗುಂಪಿಗೆ ಸೇರುತ್ತದೆ

ಮೊತ್ತದಿಂದ ಸಂಖ್ಯೆಯನ್ನು ಕಳೆಯಿರಿ: 27278469036 − 9876543210 = 17401925826. ಇದು ಸಂಖ್ಯೆಗಿಂತ ದೊಡ್ಡದು. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತ ತನಗೆ ಸಮನಾದರೆ ಪರಿಪೂರ್ಣ ಸಂಖ್ಯೆ (6, 28, 496 ಹಾಗೆ), ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಸಮೃದ್ಧ. ನಮ್ಮದು ಸಮೃದ್ಧ ಸಂಖ್ಯೆ.

ಕಳೆಯುವುದನ್ನು ಮರೆಯುವುದೇ ಇಲ್ಲಿನ ದೊಡ್ಡ ತಪ್ಪು. ಮರೆತರೆ 1ನ್ನು ಬಿಟ್ಟು ಎಲ್ಲ ಸಂಖ್ಯೆಯೂ ಸಮೃದ್ಧವಾಗಿ ಕಾಣುತ್ತದೆ, 7 ಕೂಡ.

ಉತ್ತರ ಮೊದಲೇ ತಿಳಿಯುವ ದಾರಿಯೂ ಇದೆ. 6ರಿಂದ ಭಾಗವಾಗುವ, 6ಕ್ಕಿಂತ ದೊಡ್ಡದಾದ ಯಾವ ಸಂಖ್ಯೆಯೂ ಸಮೃದ್ಧವೇ. ಅರ್ಧ, ಮೂರರಲ್ಲೊಂದು, ಆರರಲ್ಲೊಂದು ಕೂಡಿದರೆ ಅಲ್ಲಿಗೇ ಪೂರ್ತಿ ಸಂಖ್ಯೆಯಾಯಿತು, ಮೇಲೆ 1 ಬೇರೆ ಇದೆ. ಹೀಗಿರುವಾಗ ನಿಮ್ಮ ಲೆಕ್ಕದಲ್ಲಿ ‘ನ್ಯೂನ’ ಎಂದು ಬಂದರೆ ಹಂತ 7ಕ್ಕೆ ಹಿಂದಿರುಗಿ.

ವರ್ಗರಹಿತವೇ (1 ಬಿಟ್ಟು ಬೇರೆ ಯಾವ ಪೂರ್ಣ ವರ್ಗದಿಂದಲೂ ಭಾಗವಾಗದ್ದೇ) ಎಂದು ಕೇಳಿದರೆ ಅಲ್ಲ, ಏಕೆಂದರೆ 9 ಮತ್ತು 289 ಒಳಗಿವೆ. ಬೇರೆ ಬೇರೆ ಅವಿಭಾಜ್ಯಗಳು ಐದು, ಪುನರಾವರ್ತನೆ ಸೇರಿಸಿ ಎಣಿಸಿದರೆ ಏಳು. ಐದನ್ನೂ ಒಂದೊಂದೇ ಸಲ ಗುಣಿಸಿದರೆ 193657710. ಅದರ 51 ಪಟ್ಟು ನಮ್ಮ ಸಂಖ್ಯೆ.

ತ್ರಿಕೋನ ಸಂಖ್ಯೆಯೂ (1+2+3 ಎಂದು ಸಾಲಾಗಿ ಕೂಡುತ್ತ ಹೋದರೆ ಬರುವಂಥದ್ದು) ಅಲ್ಲ. ಅಂಥದ್ದನ್ನು 8ರಿಂದ ಗುಣಿಸಿ 1 ಕೂಡಿದರೆ ಪೂರ್ಣ ವರ್ಗ ಬರಬೇಕು. ನಮ್ಮದಕ್ಕೆ ಬರುವುದು 79012345681, ಇದು 281091ರ ವರ್ಗಕ್ಕೂ 281092ರ ವರ್ಗಕ್ಕೂ ನಡುವೆ ಬೀಳುತ್ತದೆ. ಫಿಬೊನಾಚಿ ಸರಣಿಯಲ್ಲಿ (ಹಿಂದಿನ ಎರಡನ್ನು ಕೂಡಿ ಮುಂದಿನದನ್ನು ಬರೆಯುವ ಸಾಲು) 7778742049 ಆದ ಮೇಲೆ ನೇರ 12586269025, ಅಲ್ಲೂ ಇಲ್ಲ.

## ಹಂತ 9: ಸಹ ಅವಿಭಾಜ್ಯಗಳ ಎಣಿಕೆ

1ರಿಂದ 9876543210ರವರೆಗೆ ನಮ್ಮ ಸಂಖ್ಯೆಯ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದವು ಎಷ್ಟು? ಒಂದು ಸಲ ಬರುವ ಅವಿಭಾಜ್ಯಕ್ಕೆ ಒಂದು ಕಡಿಮೆ ಮಾಡಿ. ಎರಡು ಸಲ ಬರುವುದಕ್ಕೆ ಅವಿಭಾಜ್ಯವನ್ನು ಅದಕ್ಕಿಂತ ಒಂದು ಕಡಿಮೆಯದರಿಂದ ಗುಣಿಸಿ.

1 × (3×2) × 4 × (17×16) × 379720 = 2478812160

ಸುಮಾರು ಕಾಲು ಭಾಗ. 17²ಕ್ಕೆ 16 × 16 ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಅದು ತಪ್ಪು. 289ರಲ್ಲಿ 17ರಿಂದ ಹೋಗುವವು 17, ಅವನ್ನು ತೆಗೆದರೆ 272, ಅದೇ 17 × 16.

## ಹಂತ 10: ಎರಡು ವರ್ಗಗಳ ಮೊತ್ತವೇ?

ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು. ಮಕ್ಕಳು ಇಲ್ಲಿಗೆ ಬರುವ ಮೊದಲೇ ದಣಿದಿರುತ್ತಾರೆ, ನೀವು ದಯವಿಟ್ಟು ನಿಲ್ಲಿಸಬೇಡಿ.

ನಿಯಮ ಹೀಗಿದೆ: 4ರಿಂದ ಭಾಗಿಸಿದರೆ 3 ಉಳಿಯುವ ಅವಿಭಾಜ್ಯಗಳೆಲ್ಲ ಸಮ ಘಾತದಲ್ಲಿದ್ದರೆ ಆ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಅಂಥದ್ದು 3 ಒಂದೇ, ಅದರ ಘಾತ 2. 5, 17, 379721 ಮೂರಕ್ಕೂ 1 ಉಳಿಯುತ್ತದೆ. ಆದ್ದರಿಂದ ಬರೆಯಬಹುದು.

ಬರೆಯುವುದು ಹೇಗೆ? 9876543210ರಲ್ಲೇ ನೇರ ಹುಡುಕಬೇಡಿ, ತುಂಡುಗಳಲ್ಲಿ ಹುಡುಕಿ. ಕಷ್ಟದ ತುಂಡು 379721. ಅದರ ಕೊನೆಯ ಅಂಕಿ 1 ಆದ್ದರಿಂದ ಎರಡರಲ್ಲಿ ಒಂದು 5ರ ಅಪವರ್ತ್ಯವಾಗಿರಬೇಕು. 16ರಿಂದ ಭಾಗಿಸಿದರೆ 9 ಉಳಿಯುವುದರಿಂದ ಸಮಸಂಖ್ಯೆ 4ರ ಅಪವರ್ತ್ಯವಾಗಿರಬೇಕು. ಎರಡೂ ಒಂದರಲ್ಲೇ ಇರಬಹುದು ಎಂದುಕೊಂಡು 20, 40, 60, 80 ಎಂದು ನೋಡುತ್ತ ಬನ್ನಿ. 20ರ ವರ್ಗ ಕಳೆದರೆ 379321, ಪೂರ್ಣ ವರ್ಗವಲ್ಲ. 40ರದ್ದು ಕಳೆದರೆ 378121, ಅಲ್ಲ. 60ಕ್ಕೆ 376121, ಅದೂ ಅಲ್ಲ. 80ಕ್ಕೆ 373321, ಅದು 611 × 611! ನಾಲ್ಕೇ ಪ್ರಯತ್ನ.

379721 = 611² + 80²

ಇನ್ನು 2 × 5 = 10 = 3² + 1². ಎರಡು ವರ್ಗಗಳ ಮೊತ್ತವನ್ನು ಎರಡು ವರ್ಗಗಳ ಮೊತ್ತದಿಂದ ಗುಣಿಸಿದರೆ ಮತ್ತೆ ಅಂಥದ್ದೇ ಬರುತ್ತದೆ, ಬ್ರಹ್ಮಗುಪ್ತನ ಹೆಸರಿನ ಸಮೀಕರಣ ಅದು. ಮೊದಲನೆಯದು 3 × 611 − 1 × 80 = 1753. ಎರಡನೆಯದು 3 × 80 + 1 × 611 = 851. ಉಳಿದ 3² × 17² ಎಂದರೆ 51ರ ವರ್ಗ, ಆದ್ದರಿಂದ ಎರಡನ್ನೂ 51ರಿಂದ ಗುಣಿಸಿ: 89403 ಮತ್ತು 43401.

89403² = 7992896409
43401² = 1883646801
ಮೊತ್ತ = 9876543210

ಕೊನೆಯ ಸಾಲನ್ನು ಕಪ್ಪುಹಲಗೆಯ ಮೇಲೆ ಬಲದಿಂದ ಎಡಕ್ಕೆ ಕೂಡಿಕೊಂಡು ಹೋಗುವಾಗ 0, 1, 2, 3 ಎಂದು ಅಂಕಿಗಳು ಸಾಲಾಗಿ ಇಳಿಯುತ್ತವೆ. ಇಡೀ ಕೋಣೆ ಸುಮ್ಮನಾಗುತ್ತದೆ. ಹೀಗೆ ಬರೆಯಲು ಒಟ್ಟು ಆರು ದಾರಿಗಳಿವೆ, ಉಳಿದ ಐದನ್ನು ನೀವು ಹುಡುಕಿ. ಸುಳಿವು: 17² = 15² + 8².

## ಹಂತ 11: ಅಂಕಿಗಳ ಗುಣ – ಬೇರೆ ಪುಟದಲ್ಲಿ

ಇಲ್ಲಿಯವರೆಗಿನವು ಸಂಖ್ಯೆಯ ಗುಣಗಳು. ಬೇರೆ ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗುವುದಿಲ್ಲ. ಮುಂದಿನವು ಹತ್ತರ ಪದ್ಧತಿಯಲ್ಲಿ ಬರೆದಿದ್ದರಿಂದ ಬಂದವು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಅಂಕಿಗಳ ಮೊತ್ತ 45 ಸಂಖ್ಯೆಯನ್ನೇ ಭಾಗಿಸುತ್ತದೆ: 9876543210 ÷ 45 = 219478738. ಇಂಥವನ್ನು ಹರ್ಷದ ಸಂಖ್ಯೆ ಎನ್ನುತ್ತಾರೆ, ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಇಟ್ಟ ಹೆಸರು. ಅವರದೇ ಇನ್ನೊಂದು ಆಟ, ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಏರಿಕೆಯದನ್ನು ಕಳೆಯುವುದು: 9876543210 − 0123456789 = 9753086421. ಬಂದದ್ದರಲ್ಲೂ ಹತ್ತೂ ಅಂಕಿಗಳು ಒಂದೊಂದೇ ಸಲ. ಮತ್ತೆ ಮಾಡಿದರೆ ಅದೇ ಉತ್ತರ. ನಾಲ್ಕು ಅಂಕಿಯಲ್ಲಿ 6174 ಇದ್ದ ಹಾಗೆ.

## ಹಂತ 12: ಈಗ ಕಂಪ್ಯೂಟರು

ಪೈಥಾನ್‌ನಲ್ಲಿ ಪೂರ್ಣಾಂಕ ಎಷ್ಟು ದೊಡ್ಡದಾದರೂ ತೊಂದರೆಯಿಲ್ಲ. ಲಿನಕ್ಸಿನಲ್ಲಿ ಫ್ಯಾಕ್ಟರ್ ಎಂಬ ಆಜ್ಞೆಯೇ ಇದೆ, ಸಂಖ್ಯೆ ಕೊಟ್ಟರೆ ಕ್ಷಣದಲ್ಲಿ ಒಡೆದು ಕೊಡುತ್ತದೆ. ಕೈಲೆಕ್ಕಕ್ಕೆ ತಾಳೆ ನೋಡಲು ಅಷ್ಟು ಸಾಕು.

ಸಿ ಭಾಷೆಯಲ್ಲಿ ಬರೆಯುವ ಕಾಲೇಜು ಮಕ್ಕಳು ಜಾಗ್ರತೆ. ನಮ್ಮ ಸಂಖ್ಯೆಗೆ 34 ಬಿಟ್ ಬೇಕು. ಸಾಮಾನ್ಯ ಇಂಟ್‌ನಲ್ಲಿ ಸಿಗುವುದು 32. ಅದರಲ್ಲಿ ತುರುಕಿದರೆ ಮೇಲಿನ ಬಿಟ್‌ಗಳು ಉದುರಿ ಸಾಮಾನ್ಯವಾಗಿ 1286608618 ಉಳಿಯುತ್ತದೆ. ಋಣ ಸಂಖ್ಯೆ ಬಂದಿದ್ದರೆ ಅನುಮಾನ ಬರುತ್ತಿತ್ತು, ಇದು ನೋಡುವುದಕ್ಕೆ ಸರಿಯಾಗಿಯೇ ಇದೆ. ಪ್ರೋಗ್ರಾಂ ಸಲೀಸಾಗಿ ಓಡಿ ಬೇರೆಯದೇ ಸಂಖ್ಯೆಯನ್ನು ಒಡೆದು ಕೊಡುತ್ತದೆ. ಪತ್ತೆಹಚ್ಚಲು ಉತ್ತರದಲ್ಲಿ 3 ಇದೆಯೇ ನೋಡಿ. 1286608618ರ ಅಂಕಿಗಳ ಮೊತ್ತ 46, ಅದು 3ರಿಂದ ಹೋಗುವುದಿಲ್ಲ. 64 ಬಿಟ್‌ನ ಲಾಂಗ್ ಲಾಂಗ್ ಬಳಸಿ.

ಎಕ್ಸೆಲ್‌ನಲ್ಲಿ 15 ಅಂಕಿಯವರೆಗೆ ಮಾತ್ರ ನಂಬಿಕೆ. ನಮ್ಮ ಸಂಖ್ಯೆಯ ನಿಜವಾದ ವರ್ಗ 97546105778997104100. ಎಕ್ಸೆಲ್ ತೋರಿಸುವುದು 97546105778997100000. ತುದಿಯಲ್ಲಿ ಸೊನ್ನೆಗಳ ಸಾಲು ಕಂಡರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಫರ್ಮಾ ಪರೀಕ್ಷೆಯಲ್ಲಿ (ಒಂದು ಆಧಾರ ಸಂಖ್ಯೆಯ ಘಾತವನ್ನು ನಮ್ಮ ಸಂಖ್ಯೆಯಿಂದ ಭಾಗಿಸಿ, ಉಳಿಯುವ ಶೇಷ ನೋಡಿ ಅವಿಭಾಜ್ಯವೇ ಎಂದು ಊಹಿಸುವ ಕ್ರಮ) ಪಾಸಾಯಿತು ಎಂದು ಅವಿಭಾಜ್ಯ ಎನ್ನುವವರಿಗೂ ಒಂದು ಮಾತು. 2ನ್ನು ಆಧಾರವಾಗಿ ಇಟ್ಟುಕೊಂಡರೆ 341 ಕೂಡ ಪಾಸಾಗುತ್ತದೆ, ಅದು 11 × 31. ಫೇಲಾದರೆ ಅವಿಭಾಜ್ಯವಲ್ಲ ಎಂಬುದು ಖಚಿತ, ಪಾಸಾದರೆ ಏನೂ ಖಚಿತವಿಲ್ಲ.

## ಕೈ ಪಳಗಿಸಲು ಎರಡು ಪಿನ್‌ಕೋಡು

ಹತ್ತು ಅಂಕಿ ಹೆಚ್ಚಾಯಿತು ಎನ್ನುವವರು ಆರು ಅಂಕಿಯಿಂದ ಶುರುಮಾಡಿ. ಮಂಡ್ಯದ 571401, ಮೈಸೂರಿನ 570001.

ಮಂಡ್ಯದ್ದು ಬೇಗ ಒಡೆಯುತ್ತದೆ. ಅಂಕಿಗಳ ಮೊತ್ತ 18, 9ರಿಂದ ಹೋಗಿ 63489 ಉಳಿಯುತ್ತದೆ. ಇಲ್ಲಿ ನಿಲ್ಲಬೇಡಿ, ಇದರ ಅಂಕಿಗಳನ್ನೂ ಕೂಡಿ: 30, ಇನ್ನೊಂದು 3 ಇದೆ. ಅದನ್ನೂ ತೆಗೆದರೆ 21163. ಇದರ ಗಡಿ 145. 139ರವರೆಗೆ ಭಾಗಿಸಿದರೂ ಒಡೆಯುವುದಿಲ್ಲ. 571401 = 3³ × 21163. ಅಪವರ್ತನಗಳು 8, ಅವುಗಳ ಮೊತ್ತ 846560. ತನ್ನನ್ನು ಕಳೆದರೆ 275159, ಆದ್ದರಿಂದ ನ್ಯೂನ. 3ರ ಘಾತ ಬೆಸವಾದ್ದರಿಂದ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದಿಲ್ಲ.

ಮೈಸೂರಿನದು ಸತಾಯಿಸುತ್ತದೆ. ಗಡಿ 754, ಅದರೊಳಗಿನ ಕೊನೆಯ ಅವಿಭಾಜ್ಯ 751, ಒಟ್ಟು 133 ಅವಿಭಾಜ್ಯಗಳು. 19ಕ್ಕೆ ಶೇಷ 1, 59ಕ್ಕೆ 2, 13ಕ್ಕೆ 3. ಇನ್ನೇನು ಸಿಕ್ಕಿತು ಅನ್ನಿಸುತ್ತದೆ, ಸಿಗುವುದಿಲ್ಲ. 570001 ಅವಿಭಾಜ್ಯ. 4ರಿಂದ ಭಾಗಿಸಿದರೆ 1 ಉಳಿಯುವುದರಿಂದ ಅದನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು: 425² + 624². ಹಂತ 10ರ ಹಾಗೆ 5 ಮತ್ತು 16ನ್ನು ಹಿಡಿದುಕೊಂಡು ಅದನ್ನು ಹುಡುಕಲು ಎಷ್ಟು ಪ್ರಯತ್ನ ಬೇಕಾಯಿತು ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಡಿ.